ಸೇರಿಸುವವರೇ ಕಲಿಸುವವರಾದರೆ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಬೆನ್ನಿಗೇ ಶಿವಮೊಗ್ಗದ ಹೋಟೆಲುಗಳ ಸಭಾಂಗಣಗಳಲ್ಲಿ ವಿದೇಶಿ ಶಿಕ್ಷಣ ಮೇಳಗಳು ಶುರುವಾಗುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯಿಂದ ತಂದೆ ತಾಯಿಗಳು ಮಕ್ಕಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಬಂದಿಳಿಯುತ್ತಾರೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಐರ್ಲೆಂಡ್ ಎಂದು ಒಂದೊಂದು ದೇಶಕ್ಕೆ ಒಂದೊಂದು ಮೇಜು. ಮೇಜಿನ ಆಚೆ ಕೂತವರು ನಯವಾಗಿ ಮಾತನಾಡಿಸುತ್ತಾರೆ, ಅಂಕಪಟ್ಟಿ ನೋಡುತ್ತಾರೆ, ಅಲ್ಲೇ ಅರ್ಜಿ ತುಂಬಿಸುತ್ತಾರೆ. ಸಲಹೆಗೆ ಹಣವಿಲ್ಲ, ಅರ್ಜಿಗೆ ಹಣವಿಲ್ಲ, ಎಷ್ಟೋ ಸಲ ಮಧ್ಯಾಹ್ನದ ಊಟಕ್ಕೂ ಇಲ್ಲ.

ಹಾಗಾದರೆ ಇವರಿಗೆ ಸಂಬಳ ಕೊಡುವವರು ಯಾರು? ಈ ಒಂದು ಪ್ರಶ್ನೆಯ ಜಾಡು ಹಿಡಿದು ಹೋದರೆ ವಿಷಯ ಶಿವಮೊಗ್ಗದಿಂದ ಮ್ಯಾಂಚೆಸ್ಟರ್, ಟೊರೊಂಟೊಗಳವರೆಗೆ ಬಿಚ್ಚಿಕೊಳ್ಳುತ್ತದೆ. ವಿದ್ಯಾರ್ಥಿಗಳನ್ನು ಹುಡುಕಿ ತರುವ ಕೆಲಸವನ್ನೂ, ಬಂದವರಿಗೆ ಮೊದಲ ವರ್ಷ ಪಾಠ ಹೇಳುವ ಕೆಲಸವನ್ನೂ ವಿಶ್ವವಿದ್ಯಾಲಯಗಳು ಖಾಸಗಿ ಕಂಪನಿಗಳಿಗೆ ಒಪ್ಪಿಸುತ್ತಿರುವುದರ ವಿರುದ್ಧ ಬ್ರಿಟನ್ ಮತ್ತು ಕೆನಡಾದ ಅಧ್ಯಾಪಕರು ಸುಮಾರು ಎರಡು ದಶಕಗಳಿಂದ ಹೋರಾಡುತ್ತಿದ್ದಾರೆ. ಆ ಹೋರಾಟದ ಸುದ್ದಿ ಘಟ್ಟದ ನಮ್ಮ ಊರುಗಳಿಗೆ ತಲುಪಿಲ್ಲ. ತಲುಪಬೇಕಿತ್ತು. ಅಲ್ಲಿ ಅವರು ಕೇಳುತ್ತಿರುವ ಪ್ರಶ್ನೆಗೆ ಇಲ್ಲಿ ನಾವು ದುಡ್ಡು ತೆರುತ್ತಿದ್ದೇವೆ.

ಮೊದಲು ಲೆಕ್ಕ. ವಿದ್ಯಾರ್ಥಿಯೊಬ್ಬ ಸೇರಿಕೊಂಡು ಶುಲ್ಕ ಕಟ್ಟಿದ ಮೇಲೆ ವಿಶ್ವವಿದ್ಯಾಲಯ ಏಜೆಂಟರಿಗೆ ಕಮಿಷನ್ ಕೊಡುತ್ತದೆ. ಸಾಮಾನ್ಯವಾಗಿ ಅದು ಮೊದಲ ವರ್ಷದ ಶುಲ್ಕದ ಶೇ 10ರಿಂದ 20ರಷ್ಟು. ಕೆಲವೆಡೆ ಇನ್ನೂ ಹೆಚ್ಚು. ಶುಲ್ಕ 20 ಸಾವಿರ ಪೌಂಡ್ ಇದ್ದು ಶೇ 15ರ ಒಪ್ಪಂದವಾಗಿದ್ದರೆ ಒಬ್ಬ ವಿದ್ಯಾರ್ಥಿಯಿಂದ ಏಜೆಂಟರಿಗೆ 3 ಸಾವಿರ ಪೌಂಡ್, ಅಂದರೆ ಮೂರು ಲಕ್ಷ ರೂಪಾಯಿಗೂ ಮೇಲೆ ಸಿಗುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಕಾಲೇಜುಗಳು 2020–21ರ ಒಂದೇ ವರ್ಷದಲ್ಲಿ ಏಜೆಂಟರಿಗೆ 11 ಕೋಟಿ ಡಾಲರಿಗೂ ಹೆಚ್ಚು ಕಮಿಷನ್ ಕೊಟ್ಟಿದ್ದವು ಎಂದು ಅಲ್ಲಿನ ಮಹಾಲೇಖಪಾಲರು 2021ರ ಡಿಸೆಂಬರಿನ ವರದಿಯಲ್ಲಿ ಬರೆದರು. ಅದೇ ವರದಿಯ ಇನ್ನೊಂದು ಲೆಕ್ಕವನ್ನು ನಮ್ಮವರು ಗಮನವಿಟ್ಟು ಓದಬೇಕು: ಆ ಕಾಲೇಜುಗಳಲ್ಲಿ ವಿದೇಶಿ ವಿದ್ಯಾರ್ಥಿಗಳು ಶೇ 30ರಷ್ಟಿದ್ದರು, ಒಟ್ಟು ಬೋಧನಾ ಶುಲ್ಕದಲ್ಲಿ ಅವರು ಕಟ್ಟಿದ್ದು ಶೇ 68. ಆ ವಿದೇಶಿ ವಿದ್ಯಾರ್ಥಿಗಳಲ್ಲಿ ಶೇ 62ರಷ್ಟು ಭಾರತದವರು.

ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ತಲೆಗಿಷ್ಟು ಎಂದು ಹಣ ಕೊಟ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದನ್ನು ಅಲ್ಲಿನ ಸಂಸತ್ತು 1992ರಲ್ಲೇ ನಿಷೇಧಿಸಿತು. ಹಾಗೆ ಸೇರಿಸಿದರೆ ಏಜೆಂಟರು ಯೋಗ್ಯತೆ ನೋಡದೆ ಸಿಕ್ಕಸಿಕ್ಕವರನ್ನು ತುಂಬುತ್ತಾರೆ, ವಿದ್ಯಾರ್ಥಿಗಳು ಸಾಲದಲ್ಲಿ ಮುಳುಗುತ್ತಾರೆ ಎಂಬುದು ಕಾರಣ. ಆದರೆ ಹೊರದೇಶಗಳಲ್ಲಿ, ಅಮೆರಿಕದ ಸರ್ಕಾರಿ ನೆರವಿಗೆ ಅರ್ಹರಲ್ಲದ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸುವುದಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ. ತಮ್ಮ ಮಕ್ಕಳಿಗೆ ಅಪಾಯವೆಂದು ಕಂಡದ್ದನ್ನು ಪರದೇಶದ ಮಕ್ಕಳಿಗೆ ಬಿಟ್ಟುಕೊಟ್ಟರು. ಅಲ್ಲಿನ ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘ 2011ರಲ್ಲಿ ಈ ತಾರತಮ್ಯ ಬೇಡ, ವಿದೇಶದಲ್ಲೂ ಕಮಿಷನ್ ನಿಲ್ಲಲಿ ಎಂದು ಹೊರಟಿತು. ವಿಶ್ವವಿದ್ಯಾಲಯಗಳ ಒತ್ತಡ ಬಲವಾಗಿತ್ತು, 2013ರಲ್ಲಿ ಪಾರದರ್ಶಕತೆಯ ಷರತ್ತಿನೊಂದಿಗೆ ಕಮಿಷನ್ ಪದ್ಧತಿಯನ್ನು ಒಪ್ಪಿಕೊಂಡಿತು.

ಇಷ್ಟು ಕಮಿಷನ್‌ನ ಮಾತು. ಅಧ್ಯಾಪಕರನ್ನು ಬೀದಿಗಿಳಿಸಿದ್ದು ಇದರ ಮುಂದಿನ ಹೆಜ್ಜೆ.

1994ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಸಣ್ಣದೊಂದು ಕಾಲೇಜು ಶುರುವಾಯಿತು. ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರಲು ಅಂಕ ಸಾಲದ, ಇಂಗ್ಲಿಷ್ ಸಾಲದ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಒಂದು ವರ್ಷ ಪಾಠ ಹೇಳಿ, ಎಡಿತ್ ಕೋವನ್ ವಿಶ್ವವಿದ್ಯಾಲಯದ ಎರಡನೇ ವರ್ಷಕ್ಕೆ ದಾಟಿಸುವುದು ಅದರ ಕೆಲಸ. ಅದೇ ಮುಂದೆ ಷೇರುಪೇಟೆಗೆ ಬಂತು, ನವಿತಾಸ್ ಎಂಬ ಹೆಸರು ಪಡೆಯಿತು, ಹಲವು ದೇಶಗಳಿಗೆ ಹಬ್ಬಿತು, 2019ರಲ್ಲಿ 200 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚಿನ ಬೆಲೆಗೆ ಹೂಡಿಕೆದಾರರ ಒಕ್ಕೂಟವೊಂದರ ಪಾಲಾಯಿತು. ಬ್ರಿಟನ್ನಿನಲ್ಲಿ 2005ರಲ್ಲಿ ಹುಟ್ಟಿದ ಇಂಟೋ ಎಂಬ ಕಂಪನಿ ಮರುವರ್ಷವೇ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಜೊತೆ ಪಾಲುದಾರಿಕೆ ಮಾಡಿಕೊಂಡಿತು. ನಂತರ ಎಕ್ಸೆಟರ್, ನ್ಯೂಕ್ಯಾಸಲ್. 2013ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆಯೊಂದು ಇಂಟೋದ ಕಾಲು ಪಾಲು ಕೊಂಡಿತು. ಸ್ಟಡಿ ಗ್ರೂಪ್, ಕಾಪ್ಲಾನ್ ಮೊದಲಾದವರೂ ಇದೇ ದಾರಿಯಲ್ಲಿದ್ದಾರೆ. ಈ ಕೋರ್ಸುಗಳನ್ನು ಫೌಂಡೇಶನ್ ಎಂದೋ ಪಾತ್‌ವೇ ಎಂದೋ ಅಂತರರಾಷ್ಟ್ರೀಯ ಮೊದಲ ವರ್ಷ ಎಂದೋ ಕರೆಯುತ್ತಾರೆ.

ಒಪ್ಪಂದದ ರೂಪ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಹೆಸರು, ಲಾಂಛನ, ಗ್ರಂಥಾಲಯ, ಕಟ್ಟಡ ವಿಶ್ವವಿದ್ಯಾಲಯದ್ದು. ಊರೂರಿನ ಏಜೆಂಟರ ಜಾಲ, ಪ್ರವೇಶ, ಶುಲ್ಕ ವಸೂಲಿ, ಪಾಠ, ಪಾಠ ಹೇಳುವವರ ನೇಮಕ ಕಂಪನಿಯದ್ದು. ಬಂದ ಶುಲ್ಕದಲ್ಲಿ ಇಬ್ಬರಿಗೂ ಪಾಲು. ನಿಗದಿತ ಅಂಕ ಬಂದರೆ ವಿಶ್ವವಿದ್ಯಾಲಯದಲ್ಲಿ ಜಾಗ ಖಚಿತ.

ಇದನ್ನು ಅಧ್ಯಾಪಕರು ಏಕೆ ವಿರೋಧಿಸಿದರು? ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರಕರಣವನ್ನು ನೋಡಬಹುದು. 2008ರಲ್ಲಿ ಅಲ್ಲಿ ನವಿತಾಸ್‌ನ ಕಾಲೇಜು ಶುರುವಾಯಿತು. ಯಾವ ಕೋರ್ಸು ನಡೆಯಬೇಕು, ಯಾರನ್ನು ಸೇರಿಸಿಕೊಳ್ಳಬೇಕು, ಯಾವ ಅಂಕಕ್ಕೆ ಯಾವ ಮಾನ್ಯತೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ಅಲ್ಲಿ ಅಧ್ಯಾಪಕರೇ ಹೆಚ್ಚಿರುವ ಸೆನೆಟ್‌ನದ್ದು. ಸೆನೆಟ್‌ನಲ್ಲಿ ಚರ್ಚೆಯಾಗುವ ಮೊದಲೇ ಆಡಳಿತ ಸಹಿ ಹಾಕಿಬಿಟ್ಟಿತು ಎಂಬುದು ಅಧ್ಯಾಪಕರ ಸಂಘದ ಮೊದಲ ತಕರಾರಾಗಿತ್ತು. ವಿದ್ಯಾರ್ಥಿಗಳೂ ದನಿಗೂಡಿಸಿದರು. ಅದಕ್ಕೆ ಎರಡು ವರ್ಷ ಮೊದಲು, 2006ರಲ್ಲಿ, ಸೈಮನ್ ಫ್ರೇಸರ್ ವಿಶ್ವವಿದ್ಯಾಲಯ ಇದೇ ಕಂಪನಿಯ ಜೊತೆ ಕೈಜೋಡಿಸಿದಾಗಲೂ ಇದೇ ಅಸಮಾಧಾನ ಎದ್ದಿತ್ತು. ಕೆನಡಾದ ಅಧ್ಯಾಪಕರ ರಾಷ್ಟ್ರೀಯ ಒಕ್ಕೂಟ ಆಗಿನಿಂದಲೂ ವಿರೋಧ ಬಿಟ್ಟಿಲ್ಲ.

ಬ್ರಿಟನ್ನಿನ ಯೂನಿವರ್ಸಿಟಿ ಆ್ಯಂಡ್ ಕಾಲೇಜ್ ಯೂನಿಯನ್ ಇನ್ನೊಂದು ಗಂಟನ್ನು ಬಿಡಿಸಿಟ್ಟಿತು. ಕಂಪನಿಯ ಕಾಲೇಜಿನಲ್ಲಿ ಪಾಠ ಹೇಳುವವರಲ್ಲಿ ಬಹಳಷ್ಟು ಮಂದಿ ಗಂಟೆ ಲೆಕ್ಕದವರು, ವರ್ಷದ ಗುತ್ತಿಗೆಯವರು. ವಿಶ್ವವಿದ್ಯಾಲಯದ ಅಧ್ಯಾಪಕರಿಗಿರುವ ವೇತನ ಶ್ರೇಣಿ, ಪಿಂಚಣಿ, ಸಂಶೋಧನೆಗೆ ಬಿಡುವು ಇವರಿಗಿಲ್ಲ. ನಮ್ಮ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಪಾಡನ್ನು ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಬರೀ ಸಂಬಳದ ಜಗಳವೆಂದು ತಳ್ಳಿಹಾಕುವವರಿದ್ದಾರೆ. ಮುಂದಿನ ವರ್ಷ ಕೆಲಸ ಉಳಿಯುವ ಖಾತ್ರಿಯಿಲ್ಲದ ಉಪನ್ಯಾಸಕಿಗೆ, ಅವಳ ಕಂಪನಿಯ ವರಮಾನವೆಲ್ಲ ವಿದ್ಯಾರ್ಥಿಗಳು ಪಾಸಾಗಿ ಮುಂದೆ ಹೋಗುವುದನ್ನೇ ಅವಲಂಬಿಸಿರುವಾಗ, 'ಈ ಹುಡುಗನಿಗೆ ಇನ್ನೂ ಬರೆಯಲು ಬರುವುದಿಲ್ಲ, ಇವನನ್ನು ದಾಟಿಸಿದರೆ ಮುಂದೆ ಬೀಳುತ್ತಾನೆ' ಎಂದು ಬರೆದುಕೊಡುವ ಧೈರ್ಯ ಎಲ್ಲಿಂದ ಬರಬೇಕು? ಹಾಗೆ ಹೇಳಬಲ್ಲ ಒಬ್ಬರು ನಡುವೆ ಇರುವುದೇ ವಿದ್ಯಾರ್ಥಿಗೆ ಸಿಗಬಹುದಾದ ದೊಡ್ಡ ರಕ್ಷಣೆ. ಗುತ್ತಿಗೆಯ ಪದ್ಧತಿಯಲ್ಲಿ ಮೊದಲು ಸವೆಯುವುದು ಆ ರಕ್ಷಣೆಯೇ.

ಮಲೆನಾಡಿನ ಅಡಿಕೆ ಬೆಳೆಗಾರರು ಈ ಪಾಠವನ್ನು ತಮ್ಮದೇ ಮಂಡಿಯಲ್ಲಿ ಕಲಿತಿದ್ದಾರೆ. ಮುಂಗಡ ಕೊಡುವವನೂ ಅವನೇ, ತೂಕ ಹಾಕುವವನೂ ಅವನೇ, ರಾಶಿ ಯಾವುದು ಬೆಟ್ಟೆ ಯಾವುದು ಎಂದು ದರ್ಜೆ ಕಟ್ಟುವವನೂ ಅವನೇ ಆದಾಗ ಬೆಳೆಗಾರನಿಗೆ ಉಳಿಯುವುದೇನು ಎಂಬುದು ಅಜ್ಜಂದಿರ ಕಾಲದಲ್ಲೇ ಗೊತ್ತಾಗಿತ್ತು. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಎಂಬ ಸಹಕಾರ ಸಂಘ ಹುಟ್ಟಿದ ಕಾಲದ ಹಿನ್ನೆಲೆ ಅದು. ವಿದ್ಯಾರ್ಥಿಯನ್ನು ಹುಡುಕಿ ತಂದು, ಅವನಿಂದಲೇ ಲಾಭ ಪಡೆದು, ಅವನ ಯೋಗ್ಯತೆಯ ದರ್ಜೆಯನ್ನೂ ತಾನೇ ಕಟ್ಟುವ ಕಂಪನಿಯ ಬಗ್ಗೆ ಅಧ್ಯಾಪಕರು ಎತ್ತಿರುವ ಆಕ್ಷೇಪಣೆಯೂ ಇದೇ.

ದರ್ಜೆ ಕಟ್ಟುವ ಕೆಲಸ ಇನ್ನೂ ಹಿಂದೆಯೇ, ಇಂಗ್ಲಿಷ್ ಪರೀಕ್ಷೆಯಲ್ಲೇ ಶುರುವಾಗುತ್ತದೆ. ನಮ್ಮ ಹುಡುಗರು ಹದಿನೇಳು ಹದಿನೆಂಟು ಸಾವಿರ ರೂಪಾಯಿ ಕಟ್ಟಿ ಬರೆಯುವ ಐಇಎಲ್‌ಟಿಎಸ್‌ನ ಒಡೆತನದಲ್ಲಿ ಐಡಿಪಿ ಎಂಬ ಕಂಪನಿಗೂ ಪಾಲಿದೆ. 2021ರಲ್ಲಿ ಬ್ರಿಟಿಷ್ ಕೌನ್ಸಿಲ್ ಭಾರತದಲ್ಲಿ ನಡೆಸುತ್ತಿದ್ದ ಪರೀಕ್ಷಾ ವ್ಯವಹಾರವನ್ನೂ ಐಡಿಪಿ 13 ಕೋಟಿ ಪೌಂಡಿಗೆ ಕೊಂಡುಕೊಂಡಿತು. ಅದೇ ಐಡಿಪಿ ವಿದ್ಯಾರ್ಥಿಗಳನ್ನು ವಿದೇಶಿ ವಿಶ್ವವಿದ್ಯಾಲಯಗಳಿಗೆ ಸೇರಿಸಿ ಕಮಿಷನ್ ಪಡೆಯುವ ಜಗತ್ತಿನ ದೊಡ್ಡ ಸಂಸ್ಥೆಗಳಲ್ಲೊಂದು. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಆದರೂ ಪರೀಕ್ಷಕ ಮತ್ತು ದಲ್ಲಾಳಿ ಒಂದೇ ಸೂರಿನಡಿ ಇರುವುದು ಯಾವ ವಿದ್ಯಾ ವ್ಯವಸ್ಥೆಗೂ ಆರೋಗ್ಯಕರವಲ್ಲ ಎಂದು ನಾನು ನಂಬಿದ್ದೇನೆ.

ಸಾಗರ ತಾಲ್ಲೂಕಿನ ಪರಿಚಿತರೊಬ್ಬರ ಮನೆಯಲ್ಲಿ ಇಂಥ ಒಂದು ಆಫರ್ ಲೆಟರ್ ಕೈಗೆ ಬಂತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿತ್ತು, ಪಡಸಾಲೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಫೈಲು. ಪತ್ರದ ನೆತ್ತಿಯ ಮೇಲೆ ವಿಶ್ವವಿದ್ಯಾಲಯದ ಲಾಂಛನ ದೊಡ್ಡದಾಗಿತ್ತು. ಮಗ ಆ ವಿಶ್ವವಿದ್ಯಾಲಯಕ್ಕೇ ಸೇರುತ್ತಿದ್ದಾನೆ ಎಂದು ಮನೆಯವರೆಲ್ಲ ತಿಳಿದಿದ್ದರು. ನೆಂಟರಿಷ್ಟರಿಗೂ ಹಾಗೇ ಹೇಳಿದ್ದರು. ಎರಡನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇದ್ದ ಸಂಗತಿ ಬೇರೆ. ಮೊದಲ ವರ್ಷದ ಬೋಧನೆ ಪಾಲುದಾರ ಕಂಪನಿಯದ್ದು, ಶುಲ್ಕ ಕಟ್ಟಬೇಕಾದದ್ದು ಕಂಪನಿಯ ಖಾತೆಗೆ, ವಿಷಯವಾರು ನಿಗದಿತ ಅಂಕ ಬಂದರೆ ಮಾತ್ರ ಮುಂದಿನ ಪ್ರವೇಶ, ಬಾರದಿದ್ದರೆ ಶುಲ್ಕ ವಾಪಸಿಲ್ಲ. ಹುಡುಗನಿಗೆ ಪಿಯುಸಿಯಲ್ಲಿ ಶೇ 80ರ ಮೇಲೆ ಅಂಕ ಬಂದಿತ್ತು. ಅಷ್ಟು ಅಂಕಕ್ಕೆ ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ನೇರವಾಗಿ ಪದವಿಯ ಮೊದಲ ವರ್ಷಕ್ಕೇ ತೆಗೆದುಕೊಳ್ಳುತ್ತವೆ. ಈ ಮಾತನ್ನು ಆ ಮನೆಗೆ ಯಾರೂ ಹೇಳಿರಲಿಲ್ಲ. ಫೌಂಡೇಶನ್ ಎಂದರೆ ಒಂದು ವರ್ಷ ಹೆಚ್ಚು, ಒಂದು ವರ್ಷದ ಶುಲ್ಕ ಹೆಚ್ಚು, ಊಟ ವಸತಿಯ ಖರ್ಚು ಹೆಚ್ಚು. ಕಮಿಷನ್ ಮೇಲೆ ಬದುಕುವ ಸಲಹೆಗಾರ ಯಾವ ಕಡೆಗೆ ಕೈ ತೋರಿಸುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ.

ಅದೇ ಫೈಲಿನಲ್ಲಿ ಸಾಲದ ಕಾಗದಗಳೂ ಇದ್ದವು. ತೋಟವಿದ್ದರೂ ಬ್ಯಾಂಕು ಶಿವಮೊಗ್ಗದಲ್ಲಿದ್ದ ಅಣ್ಣನ ನಿವೇಶನವನ್ನೇ ಅಡಮಾನ ಕೇಳಿತ್ತು. ಸಾಲ ಮರುಪಾವತಿಯಾಗದಿದ್ದಾಗ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆಯ 31ನೇ ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿರುವುದರಿಂದ ದೊಡ್ಡ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಪೇಟೆಯ ಮನೆ, ನಿವೇಶನವನ್ನೇ ಇಷ್ಟಪಡುತ್ತವೆ. ಶರಾವತಿ ಮುಳುಗಡೆಯ ಕುಟುಂಬಗಳ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದಿನದು: ಲಿಂಗನಮಕ್ಕಿ ಕಟ್ಟಿ ಅರವತ್ತು ವರ್ಷ ಕಳೆದರೂ ಹಲವರ ಭೂಮಿಯ ಹಕ್ಕುಪತ್ರವೇ ಇತ್ಯರ್ಥವಾಗಿಲ್ಲ, ಅಡಮಾನದ ಮಾತು ದೂರವೇ ಉಳಿಯಿತು. ಅಂಥವರು ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟು, ಚಿನ್ನ ಇಟ್ಟು, ಕೈಸಾಲ ಮಾಡಿ ಹಣ ಹೊಂದಿಸುತ್ತಾರೆ. ಎಲೆಚುಕ್ಕೆ ರೋಗ ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ತೋಟಗಳನ್ನು ಕಾಡುತ್ತಿರುವ ಈ ವರ್ಷಗಳಲ್ಲಿ 'ಮಗನಾದರೂ ತೋಟದ ಹಂಗಿಲ್ಲದೆ ಬದುಕಲಿ' ಎಂಬ ಆಸೆಯಿಂದಲೇ ಈ ಸಾಲ ಹುಟ್ಟುತ್ತಿದೆ. ಇದನ್ನು ದುರಾಸೆ ಎನ್ನುವವರ ಜೊತೆ ನನಗೆ ಸಹಮತವಿಲ್ಲ.

ವಿಶ್ವವಿದ್ಯಾಲಯ ತನ್ನ ಮುದ್ರೆಯನ್ನು ಇತರರ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ತಿಳಿಯಲು ಕನ್ನಡಿಗರು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಒಂದು ಕಾಲದಲ್ಲಿ ರಾಜ್ಯದ ಹೊರಗಿನ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು, ತಾಂತ್ರಿಕ ಕೋರ್ಸುಗಳನ್ನೂ ಸೇರಿಸಿ, ತನ್ನ ಹೆಸರಿನಲ್ಲಿ ಪ್ರವೇಶ ಮತ್ತು ಬೋಧನೆ ನಡೆಸಲು ಬಿಟ್ಟಿತು. ವಿದ್ಯಾರ್ಥಿಗಳನ್ನು ಹುಡುಕುತ್ತಿದ್ದವರು ಅವರು, ಶುಲ್ಕ ತೆಗೆದುಕೊಳ್ಳುತ್ತಿದ್ದವರು ಅವರು, ಪ್ರಮಾಣಪತ್ರದ ಮೇಲೆ ಮಾತ್ರ ಮುಕ್ತ ವಿಶ್ವವಿದ್ಯಾಲಯದ ಹೆಸರು. ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಆಯೋಗ ಯುಜಿಸಿ ಇದನ್ನು ನಿಯಮಬಾಹಿರವೆಂದಿತು. 2012–13ರ ನಂತರ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಪ್ರಕಟಣೆ ಹೊರಡಿಸಿತು. ಮಾನ್ಯತೆ ಮರಳಿ ಸಿಕ್ಕಿದ್ದು 2018ರಲ್ಲಿ.

ನಡುವಿನ ಆ ವರ್ಷಗಳಲ್ಲಿ ಪೆಟ್ಟು ತಿಂದವರು ಯಾರು? ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಶಿವಮೊಗ್ಗದ ಪ್ರಾದೇಶಿಕ ಕೇಂದ್ರದಲ್ಲಿ ನೇರವಾಗಿ, ಪ್ರಾಮಾಣಿಕವಾಗಿ ಓದಿದವರ ಪದವಿಯ ಮೇಲೂ ಪ್ರಶ್ನೆ ಬಿತ್ತು. ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿ ನೌಕರರು, ಬಡ್ತಿಗಾಗಿ ಸಂಜೆ ಹೊತ್ತು ಓದಿದ ಶಿಕ್ಷಕರು ಇಂಥ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಮುದ್ರೆಯ ಬೆಲೆ ಇಳಿದಾಗ ಅದನ್ನು ಕಷ್ಟಪಟ್ಟು ಗಳಿಸಿದವರ ಬೆಲೆಯೂ ಇಳಿಯುತ್ತದೆ. ಮ್ಯಾನಿಟೋಬಾದ ಅಧ್ಯಾಪಕರ ಆತಂಕವನ್ನು ನಾನು ಅರ್ಥ ಮಾಡಿಕೊಂಡದ್ದು ಈ ಪ್ರಕರಣದ ಮೂಲಕವೇ.

ಯುಜಿಸಿ ಈ ಪಾಠ ಕಲಿತಿದೆ ಎಂದು ಕಾಗದದ ಮೇಲಾದರೂ ಹೇಳಬಹುದು. ವಿದೇಶಿ ವಿಶ್ವವಿದ್ಯಾಲಯಗಳ ಜೊತೆಗಿನ ಶೈಕ್ಷಣಿಕ ಸಹಯೋಗಕ್ಕೆ 2022ರಲ್ಲಿ ಅದು ತಂದ ನಿಯಮಗಳು ಫ್ರಾಂಚೈಸಿ ಪದ್ಧತಿಗೆ ಅವಕಾಶ ಕೊಡುವುದಿಲ್ಲ. ಮಾನ್ಯತೆ ಇಲ್ಲದ ವಿದೇಶಿ ಸಂಸ್ಥೆಗಳ ಪದವಿಗಳನ್ನು ಮಾರುತ್ತಿದ್ದ ಎಡ್‌ಟೆಕ್ (ಆನ್‌ಲೈನ್ ಶಿಕ್ಷಣ) ಕಂಪನಿಗಳ ವಿರುದ್ಧ 2023ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತು. ಆದರೆ ಇವೆಲ್ಲ ಭಾರತದ ನೆಲದ ಮೇಲಿನ ಪಾಠಕ್ಕೆ. ಇಲ್ಲಿಂದ ವಿಮಾನ ಹತ್ತುವವನಿಗೆ ಅಲ್ಲಿ ಪಾಠ ಹೇಳುವವರು ಯಾರು ಎಂಬುದು ಯುಜಿಸಿಯ ಕೈಗೆ ಸಿಗುವುದಿಲ್ಲ.

ಎದುರು ವಾದವನ್ನೂ ಪೂರ್ತಿ ಕೇಳಬೇಕು, ಅದರಲ್ಲಿ ಹುರುಳಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯನ್ನು ನೇರವಾಗಿ ಇನ್ನೂರು ಮಂದಿಯ ಇಂಗ್ಲಿಷ್ ಉಪನ್ಯಾಸಕ್ಕೆ ಕೂರಿಸಿದರೆ ಅವಳು ಕಳೆದುಹೋಗುತ್ತಾಳೆ. ಹದಿನೈದು ಇಪ್ಪತ್ತು ಮಂದಿಯ ಸಣ್ಣ ತರಗತಿ, ಪ್ರಬಂಧ ಬರೆಯುವ ಕ್ರಮ, ಗ್ರಂಥಾಲಯ ಬಳಸುವ ಬಗೆ ಹೇಳಿಕೊಡುವ ಒಂದು ವರ್ಷ ಅವಳಿಗೆ ನಿಜವಾಗಿ ಸಹಾಯ ಮಾಡಬಲ್ಲದು. ಆ ಕಾಲೇಜುಗಳಲ್ಲಿ ಮನಸ್ಸಿಟ್ಟು ಕಲಿಸುವ ಉಪನ್ಯಾಸಕರು ಬೇಕಾದಷ್ಟಿದ್ದಾರೆ. ಸಂಘಟನೆ ಕಟ್ಟಿಕೊಂಡು ಒಳಗಿನಿಂದ ಪ್ರಶ್ನೆ ಎತ್ತಿದವರಲ್ಲಿ ಅವರೂ ಸೇರಿದ್ದಾರೆ. ಏಜೆಂಟರ ವಿಷಯವೂ ಹಾಗೆಯೇ. ಹೊಸನಗರದ ಮೂಲೆಯಿಂದ ಬರೆದ ಇಮೇಲಿಗೆ ಲೀಡ್ಸ್‌ನ ಪ್ರವೇಶ ಕಚೇರಿ ಉತ್ತರಿಸುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ವೀಸಾ ಅರ್ಜಿಯನ್ನು ಕನ್ನಡದಲ್ಲಿ ವಿವರಿಸುವವರು ಶಿವಮೊಗ್ಗದ ಸವಳಂಗ ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಸಿಕ್ಕರೆ ಜನ ಅಲ್ಲಿಗೇ ಹೋಗುತ್ತಾರೆ.

ಹಾಗಾದರೆ ಆ ಒಂದು ವರ್ಷದ ಪಾಠವನ್ನು ವಿಶ್ವವಿದ್ಯಾಲಯ ತಾನೇ ಏಕೆ ಹೇಳಬಾರದು? ಅಧ್ಯಾಪಕರ ಸಂಘಟನೆಗಳು ಕೇಳುತ್ತಿರುವುದೂ ಇದನ್ನೇ. ಸ್ವಂತ ಭಾಷಾ ಕೇಂದ್ರ, ಸ್ವಂತ ಫೌಂಡೇಶನ್ ವರ್ಷ ನಡೆಸುವ ವಿಶ್ವವಿದ್ಯಾಲಯಗಳು ಈಗಲೂ ಇವೆ. ಕಂಪನಿ ಬಂದದ್ದು ವಿಶ್ವವಿದ್ಯಾಲಯಗಳಿಗೆ ಪಾಠ ಹೇಳಲು ಬರುವುದಿಲ್ಲ ಎಂದಲ್ಲ. ಅವುಗಳ ಕಿಸೆ ಬರಿದಾಗಿತ್ತು, ಕಂಪನಿಯ ಬಳಿ ಏಜೆಂಟರ ಜಾಲವಿತ್ತು. ಇಂಗ್ಲೆಂಡಿನ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕಕ್ಕೆ ಮಿತಿಯಿದೆ. 2017ರಿಂದ 9,250 ಪೌಂಡಿನಲ್ಲೇ ನಿಂತಿದ್ದ ಆ ಮಿತಿ 2025ರಲ್ಲಿ 9,535ಕ್ಕೆ ಏರಿತು. ನಡುವೆ ಬೆಲೆಗಳೆಲ್ಲ ಎಷ್ಟು ಏರಿದವು ಎಂಬುದು ಗೊತ್ತೇ ಇದೆ. ವಿದೇಶಿ ವಿದ್ಯಾರ್ಥಿಯ ಶುಲ್ಕಕ್ಕೆ ಮಿತಿಯೇ ಇಲ್ಲ. ತಮ್ಮ ಸರ್ಕಾರ ತುಂಬಿಕೊಡದ ಹಣವನ್ನು ಅವರು ನಮ್ಮ ತೋಟಗಳಿಂದ ಎತ್ತುತ್ತಿದ್ದಾರೆ ಎಂದರೆ ಕಟುವಾಗಿ ಕೇಳಬಹುದು, ಆದರೆ ಲೆಕ್ಕ ಇರುವುದೇ ಹಾಗೆ.

ಈ ವ್ಯವಸ್ಥೆ ಹದ್ದು ಮೀರಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಒಂಟಾರಿಯೊ ತೋರಿಸಿತು. ಟೊರೊಂಟೊದಿಂದ ಸುಮಾರು 700 ಕಿಲೋಮೀಟರ್ ಉತ್ತರಕ್ಕೆ, ಗಣಿ ಮತ್ತು ಕಾಡುಗಳ ನಡುವಿನ ಟಿಮಿನ್ಸ್ ಎಂಬ ಊರಿನಲ್ಲಿ ನಾರ್ದರ್ನ್ ಕಾಲೇಜು ಎಂಬ ಸರ್ಕಾರಿ ಕಾಲೇಜಿದೆ. ಅಲ್ಲಿಗೆ ವಿದೇಶಿ ವಿದ್ಯಾರ್ಥಿಗಳು ಬರುವುದು ಕಡಿಮೆ. ಹಾಗಾಗಿ ಅದು ತನ್ನ ಪಠ್ಯಕ್ರಮವನ್ನು ಟೊರೊಂಟೊ ಭಾಗದ ಖಾಸಗಿ ಕಾಲೇಜೊಂದಕ್ಕೆ ಕೊಟ್ಟಿತು. ಪಾಠ ಅಲ್ಲಿ, ಪ್ರಮಾಣಪತ್ರ ಇಲ್ಲಿಯದು. ಇಂಥ ಹಲವು ಜೋಡಿಗಳು ಹುಟ್ಟಿಕೊಂಡವು. ಪ್ರಾಂತ್ಯ ಸರ್ಕಾರವೇ ನೇಮಿಸಿದ ತಜ್ಞರು ಇದನ್ನು ನಿಲ್ಲಿಸಿ ಎಂದರು, 2017ರಲ್ಲಿ ತಡೆಯೂ ಬಿತ್ತು. ಸರ್ಕಾರ ಬದಲಾಯಿತು, 2019ರಲ್ಲಿ ತಡೆ ತೆರವಾಯಿತು. ಕಾಲೇಜು ಅಧ್ಯಾಪಕರ ಕಾರ್ಮಿಕ ಸಂಘ ಬೇಡ ಬೇಡವೆನ್ನುತ್ತಲೇ ಇತ್ತು. 2023ರ ಆಗಸ್ಟ್‌ನಲ್ಲಿ, ತರಗತಿ ಶುರುವಾಗಲು ಕೆಲವೇ ವಾರ ಇರುವಾಗ, ನಾರ್ದರ್ನ್ ಕಾಲೇಜು ಸುಮಾರು 500 ವಿದ್ಯಾರ್ಥಿಗಳ ಪ್ರವೇಶ ಪತ್ರವನ್ನು ರದ್ದು ಮಾಡಿತು. ಲೆಕ್ಕಕ್ಕಿಂತ ಹೆಚ್ಚು ಜನರಿಗೆ ವೀಸಾ ಸಿಕ್ಕಿಬಿಟ್ಟಿತ್ತು ಎಂಬುದು ಕಾರಣ. ಅವರಲ್ಲಿ ಭಾರತದವರೇ ಬಹಳ. ಟಿಕೆಟ್ ತೆಗೆದವರಿದ್ದರು, ಕೆಲಸ ಬಿಟ್ಟವರಿದ್ದರು.

ನಂತರ ಕೆನಡಾ ಸರ್ಕಾರ ಕಣ್ಣು ತೆರೆಯಿತು. 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳ ಮೇಲೆ ಮಿತಿ ಬಂತು, ಆ ವರ್ಷದ ಪರವಾನಗಿಗಳು ಶೇ 35ರಷ್ಟು ಇಳಿಯಲಿ ಎಂದು ಗುರಿ ಇಟ್ಟರು. ಸರ್ಕಾರಿ ಕಾಲೇಜಿನ ಪಠ್ಯಕ್ರಮವನ್ನು ಹೀಗೆ ಖಾಸಗಿ ಕಾಲೇಜಿನಲ್ಲಿ ಓದುವ ಹೊಸ ವಿದ್ಯಾರ್ಥಿಗಳಿಗೆ ಓದು ಮುಗಿದ ಮೇಲಿನ ಕೆಲಸದ ಪರವಾನಗಿ ಸಿಗದು ಎಂದು ಅದೇ ವರ್ಷ ಘೋಷಿಸಿದರು. ಖಾತೆಯಲ್ಲಿ ತೋರಿಸಬೇಕಾದ ಜೀವನ ವೆಚ್ಚ 2024ರಲ್ಲಿ 10,000 ಡಾಲರಿನಿಂದ 20,635ಕ್ಕೆ ಏರಿತು. ಬ್ರಿಟನ್ 2024ರ ಜನವರಿಯಿಂದ, ಸಂಶೋಧನಾ ಕೋರ್ಸುಗಳವರನ್ನು ಬಿಟ್ಟು ಉಳಿದ ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವುದನ್ನು ನಿಲ್ಲಿಸಿತು. ಓದಿನ ನಂತರದ ಎರಡು ವರ್ಷದ ವೀಸಾವನ್ನು ಒಂದೂವರೆ ವರ್ಷಕ್ಕೆ ಇಳಿಸುವುದಾಗಿ 2025ರಲ್ಲಿ ಹೇಳಿತು. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕ 2024ರ ಜುಲೈನಲ್ಲಿ 710 ಡಾಲರಿನಿಂದ 1,600ಕ್ಕೆ, 2025ರ ಜುಲೈನಲ್ಲಿ 2,000ಕ್ಕೆ ಹೋಯಿತು.

ಇದರಲ್ಲಿ ನನಗೆ ನೋವು ತರುವ ಸಂಗತಿ ಒಂದಿದೆ. ಮೂರೂ ದೇಶಗಳಲ್ಲಿ ಕತ್ತರಿ ಆಡಿದ್ದು ವಿದ್ಯಾರ್ಥಿಯ ಮೇಲೆ. ಮನೆ ಬಾಡಿಗೆ ಏರಿದ್ದಕ್ಕೆ, ಆಸ್ಪತ್ರೆಯಲ್ಲಿ ಸರತಿ ಉದ್ದವಾದದ್ದಕ್ಕೆ ಅವನನ್ನೇ ಬೆರಳು ಮಾಡಿ ತೋರಿಸಿದರು. ಅವನನ್ನು ಕರೆತಂದು ಲಾಭ ಎಣಿಸಿದವರ ಬಳಿಗೆ ಸರ್ಕಾರಗಳು ಹೋದದ್ದು ತಡವಾಗಿ, ಮೆತ್ತಗೆ. ಬ್ರಿಟನ್ನಿನ ವಲಸೆ ಸಲಹಾ ಸಮಿತಿ 2024ರ ಮೇ ತಿಂಗಳಲ್ಲಿ ವರದಿ ಕೊಟ್ಟು, ಓದಿನ ನಂತರದ ವೀಸಾದಲ್ಲಿ ವ್ಯಾಪಕ ದುರ್ಬಳಕೆ ಕಾಣಲಿಲ್ಲ, ಆದರೆ ಏಜೆಂಟರ ನಡವಳಿಕೆ ಆತಂಕಕಾರಿ, ಅವರಿಗೆ ಕಡ್ಡಾಯ ನೋಂದಣಿ ಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ಅಧ್ಯಾಪಕರ ವಿರೋಧವನ್ನು ವಲಸೆ ವಿರೋಧಿಗಳ ಕೂಗಿನೊಂದಿಗೆ ಬೆರೆಸಿ ನೋಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಒಬ್ಬರು 'ಇವರು ಬರಬಾರದು' ಎನ್ನುತ್ತಾರೆ. ಇನ್ನೊಬ್ಬರು 'ಬಂದವರಿಗೆ ನಾವೇ ಪಾಠ ಹೇಳುತ್ತೇವೆ, ನಮ್ಮ ವಿದ್ಯಾರ್ಥಿಗಳಂತೆಯೇ ನೋಡಿಕೊಳ್ಳುತ್ತೇವೆ' ಎನ್ನುತ್ತಾರೆ.

ನಮ್ಮ ಕಡೆಯ ಹೊಣೆಗಾರಿಕೆಯೂ ಕಡಿಮೆಯಿಲ್ಲ. 13 ಲಕ್ಷಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಹೊರದೇಶಗಳಲ್ಲಿದ್ದಾರೆ ಎಂದು 2024ರಲ್ಲಿ ಕೇಂದ್ರ ವಿದೇಶಾಂಗ ಸಚಿವಾಲಯವೇ ಸಂಸತ್ತಿಗೆ ತಿಳಿಸಿತು. ಕೊಲ್ಲಿ ದೇಶಕ್ಕೆ ಗಾರೆ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಬೇಕು, ಬ್ಯಾಂಕ್ ಖಾತರಿ ಇಡಬೇಕು. ನಲವತ್ತು ಲಕ್ಷ ರೂಪಾಯಿಯ ಕೋರ್ಸಿಗೆ ವಿದ್ಯಾರ್ಥಿಯನ್ನು ಕಳಿಸುವವನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಪಂಜಾಬ್ 2012ರಲ್ಲೇ ಕಾಯ್ದೆ ಮಾಡಿ ಇಂಥ ಕನ್ಸಲ್ಟೆನ್ಸಿಗಳನ್ನೂ ಐಇಎಲ್‌ಟಿಎಸ್ ತರಬೇತಿ ಕೇಂದ್ರಗಳನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿತು. ಆದರೂ ನಕಲಿ ಪ್ರವೇಶ ಪತ್ರಗಳೊಂದಿಗೆ ಕೆನಡಾಕ್ಕೆ ಹೋಗಿದ್ದ ನೂರಾರು ಪಂಜಾಬಿ ವಿದ್ಯಾರ್ಥಿಗಳು ಗಡೀಪಾರಿನ ಭಯದಲ್ಲಿ ಬೀದಿಯಲ್ಲಿ ಕೂತದ್ದನ್ನು 2023ರಲ್ಲಿ ನೋಡಿದೆವು. ಪರವಾನಗಿಯೊಂದೇ ಸಾಲದು, ನಿಜ. ಕರ್ನಾಟಕ ಆ ಮೊದಲ ಹೆಜ್ಜೆಯನ್ನಾದರೂ ಇಡಬೇಕು, ಅದಕ್ಕೆ ಒಂದು ಮುಖ್ಯ ಷರತ್ತು ಸೇರಿಸಬೇಕು: ಯಾವ ಸಂಸ್ಥೆಯಿಂದ ಎಷ್ಟು ಕಮಿಷನ್ ಬರುತ್ತದೆ ಎಂಬುದನ್ನು ಏಜೆಂಟ್ ಪೋಷಕರಿಗೆ ಲಿಖಿತವಾಗಿ ಕೊಡಬೇಕು. ಬ್ಯಾಂಕುಗಳು ಸಾಲ ಮಂಜೂರು ಮಾಡುವ ಮುನ್ನ ಆ ಕಾಗದವನ್ನು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ತುರ್ತು ಇನ್ನೊಂದು ಕಾರಣಕ್ಕೂ ಇದೆ. ಹೊರಗಿದ್ದ ಪದ್ಧತಿ ಈಗ ಒಳಗೆ ಬರುತ್ತಿದೆ. ವಿದೇಶಿ ಕ್ಯಾಂಪಸ್ಸುಗಳಿಗೆಂದು 2023ರಲ್ಲಿ ಬಂದ ಯುಜಿಸಿ ನಿಯಮಗಳಡಿ 2025ರ ಆಗಸ್ಟ್‌ನಲ್ಲಿ ಗುರುಗ್ರಾಮದಲ್ಲಿ ತೆರೆದ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಪಾಲುದಾರರಾಗಿರುವುದು ಆಕ್ಸ್‌ಫರ್ಡ್ ಇಂಟರ್‌ನ್ಯಾಷನಲ್ ಎಂಬ ಖಾಸಗಿ ಕಂಪನಿ. ಬ್ರಿಟನ್ನಿನಲ್ಲಿ ಅದು ಪಾತ್‌ವೇ ಕಾಲೇಜುಗಳನ್ನು ನಡೆಸುತ್ತದೆ. ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಅನುಮತಿ ಸಿಕ್ಕಿದೆ. ಮುಂದೆ ಬರುವ ಪ್ರತಿ ವಿದೇಶಿ ಕ್ಯಾಂಪಸ್ಸಿನ ಬಗ್ಗೆಯೂ ಪಾಠ ಹೇಳುವವರ ನೇಮಕ ಯಾರದ್ದು, ಅಂಕ ಕೊಡುವ ಕೊನೆಯ ಅಧಿಕಾರ ಯಾರದ್ದು ಎಂಬ ಪ್ರಶ್ನೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅಧ್ಯಾಪಕರಿಂದ ಹಿಡಿದು ಎಲ್ಲರೂ ಕೇಳಬೇಕಾದದ್ದು.

ಈ ವರ್ಷ ಶಿವಮೊಗ್ಗದ ಮೇಳಕ್ಕೆ ಹೋಗುವ ಪೋಷಕರು ಕಾನೂನು ಬರುವವರೆಗೆ ಕಾಯಬೇಕಿಲ್ಲ. ಮೊದಲ ವರ್ಷ ಪಾಠ ಹೇಳುವವರ ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆ ಎಂದು ಕೇಳಿ. ಕಳೆದ ವರ್ಷ ಆ ಕೋರ್ಸಿಗೆ ಸೇರಿದವರಲ್ಲಿ ಎಷ್ಟು ಮಂದಿ ವಿಶ್ವವಿದ್ಯಾಲಯಕ್ಕೆ ದಾಟಿದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂದು ಕೇಳಿ. ನಪಾಸಾದರೆ ಎಷ್ಟು ಹಣ ವಾಪಸು ಬರುತ್ತದೆ, ಮಗುವಿನ ಅಂಕಕ್ಕೆ ನೇರ ಪ್ರವೇಶ ಸಿಗುವ ವಿಶ್ವವಿದ್ಯಾಲಯಗಳು ಯಾವುವು ಎಂದು ಕೇಳಿ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಅದೇ ಪ್ರಶ್ನೆಗಳನ್ನು ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೂ ಇಮೇಲ್ ಮಾಡಿ. ಎರಡೂ ಉತ್ತರಗಳು ಬಂದು, ಹೋಲಿಸಿ ನೋಡುವವರೆಗೆ ನಿವೇಶನದ ಪತ್ರ ಬ್ಯಾಂಕಿಗೆ ಹೋಗದಿರಲಿ.